ಮೆದುಳಿನ ಅಲೆಗಳು ಮುನ್ಸೂಚನೆ ಕೊಡಬಲ್ಲವೆ?

ಮುಂದೆ ನಡೆಯುವುದನ್ನು ಇಂದೇ ಅರಿಯಬೇಕೆಂಬ ಆಸೆ ಮಾನವನಿಗೆ ಬಹಳ ಹಳೆಯದು. ಪಂಚಾಂಗ, ಶಕುನ, ಹಲ್ಲಿಯ ಲೊಚಗುಟ್ಟುವಿಕೆ ಇವೆಲ್ಲ ಆ ಆಸೆಯ ಮಕ್ಕಳೇ. ವಿಜ್ಞಾನವೂ ಈ ಆಸೆಯನ್ನು ಬಿಟ್ಟಿಲ್ಲ. ಆದರೆ ತಾನು ನುಡಿದ ಭವಿಷ್ಯ ಎಷ್ಟು ಸಲ ನಿಜವಾಯಿತು, ಎಷ್ಟು ಸಲ ಹುಸಿಯಾಯಿತು ಎಂಬ ಲೆಕ್ಕವನ್ನು ಅದು ಜೊತೆಜೊತೆಗೇ ಬರೆದಿಡುತ್ತದೆ. ಶಕುನಗಾರನು ಈ ಲೆಕ್ಕವನ್ನು ಇಡುವುದಿಲ್ಲ. ಆಟಿಸಂ ಇರುವ ಮಕ್ಕಳಿಗೆ ಮುಂದೆ ಮೂರ್ಛೆರೋಗ ತಲೆದೋರುವುದೋ ಇಲ್ಲವೋ ಎಂಬುದನ್ನು ಅವರ ಮೆದುಳಿನ ಅಲೆಗಳನ್ನು ಬರೆದು ನೋಡಿ ಮೊದಲೇ ಹೇಳಬಹುದೆ? ವೈದ್ಯರು ಹಲವು ವರ್ಷಗಳಿಂದ ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಇದು ಎಲ್ಲೋ ದೂರದ ಪ್ರಯೋಗಶಾಲೆಯ ಪ್ರಶ್ನೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ಚಾಳುಗಳಲ್ಲಿ, ವಸಾಹತುಗಳಲ್ಲಿ ಇಂತಹ ಮಕ್ಕಳಿದ್ದಾರೆ. ನಿಮ್ಮಲ್ಲಿ ಕೆಲವರ ಮನೆಯಲ್ಲಿಯೇ ಅಂತಹ ತಮ್ಮನೋ ತಂಗಿಯೋ ಇರಬಹುದು.

ಮೊದಲು ಎರಡು ಶಬ್ದಗಳನ್ನು ಅರ್ಥಮಾಡಿಕೊಳ್ಳೋಣ. ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ಬಳಕೆಗೆ ಬಂದಿದೆ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿದ್ದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 1943ರಲ್ಲಿ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಇದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಸ್ಥಾನವನ್ನು ಕಲ್ಪಿಸಿದರು. ಇದು ಅಂಟುರೋಗವಲ್ಲ, ತಂದೆತಾಯಿಯರ ಲಾಲನೆಯ ದೋಷವೂ ಅಲ್ಲ, ಮೆದುಳು ಬೆಳೆಯುವ ಬಗೆಯಲ್ಲಿಯೇ ಇರುವ ಒಂದು ಭೇದ. ಇಂತಹ ಮಗುವಿಗೆ ಮಾತು ತಡವಾಗಿ ಬರಬಹುದು. ಅದು ಕರೆದರೆ ತಿರುಗಿ ನೋಡದಿರಬಹುದು, ಒಂದೇ ಆಟವನ್ನು ಗಂಟೆಗಟ್ಟಲೆ ಆಡಬಹುದು, ಲೋಕಲ್ ಗಾಡಿಯ ಸದ್ದಿಗೆ ಕಿವಿ ಮುಚ್ಚಿಕೊಂಡು ಚೀರಬಹುದು. ಅದೇ ಮಗು ಚರ್ಚ್‌ಗೇಟಿನಿಂದ ವಿರಾರಿನವರೆಗಿನ ನಿಲ್ದಾಣಗಳನ್ನು ಒಂದೂ ತಪ್ಪದಂತೆ ಒಪ್ಪಿಸಲೂಬಹುದು. ಒಂದು ಮಗುವಿನಂತೆ ಇನ್ನೊಂದಿರುವುದಿಲ್ಲ.

ಮೂರ್ಛೆರೋಗವನ್ನು ನಮ್ಮ ಆಯುರ್ವೇದ ಗ್ರಂಥಗಳು ಅಪಸ್ಮಾರವೆಂದು ಕರೆದಿವೆ. ಸ್ಮೃತಿ ತಪ್ಪುವುದು ಎಂದು ಅದರ ಅರ್ಥ. ನಟರಾಜನ ಪಾದದಡಿ ಬಿದ್ದಿರುವ ಕುಬ್ಜನಿಗೂ ಇದೇ ಹೆಸರಿದೆ. ನೆರೆಮನೆಯ ಮರಾಠಿಗರು ಇದನ್ನು ಫೆಫರೆ ಎನ್ನುತ್ತಾರೆ, ಹಿಂದಿಯವರು ಮಿರ್ಗಿ ಎನ್ನುತ್ತಾರೆ. ಮನೆಯಲ್ಲಿ ನಾವೆಲ್ಲ 'ಫಿಟ್ಸ್' ಎಂದೇ ಹೇಳುವುದು. ಜ್ವರ ಏರಿದಾಗ ಒಮ್ಮೆ ಮಗು ಸೆಟೆದುಕೊಂಡ ಮಾತ್ರಕ್ಕೆ ಅದು ಮೂರ್ಛೆರೋಗವಾಗದು. ಸ್ಪಷ್ಟವಾದ ತಾತ್ಕಾಲಿಕ ಕಾರಣವಿಲ್ಲದೆ ಸೆಳವು ಮತ್ತೆ ಮತ್ತೆ ಬರುವಂತಾದರೆ ಆಗ ಆ ಹೆಸರನ್ನು ಕೊಡುತ್ತಾರೆ. ಎಲ್ಲ ಸೆಳವುಗಳಲ್ಲಿಯೂ ಕೈಕಾಲು ಬಡಿದುಕೊಳ್ಳಬೇಕೆಂಬ ನಿಯಮವಿಲ್ಲ. ಬರೆಯುತ್ತಿದ್ದ ಕೈ ನಿಂತು, ಕಣ್ಣು ಶೂನ್ಯದಲ್ಲಿ ನೆಟ್ಟು, ಹತ್ತು ಹದಿನೈದು ಕ್ಷಣಗಳ ಬಳಿಕ ಏನೂ ನಡೆಯದವರಂತೆ ಮತ್ತೆ ಬರೆಯತೊಡಗುವುದೂ ಒಂದು ಬಗೆಯ ಸೆಳವೇ.

ಇನ್ನು ಅಲೆಗಳ ವಿಷಯ. ನಮ್ಮ ಮೆದುಳಿನಲ್ಲಿ ಎಂಟು ಸಾವಿರ ಕೋಟಿಗೂ ಮಿಕ್ಕಿ ನರಕೋಶಗಳಿವೆ. ಅವು ಒಂದರೊಡನೊಂದು ಅತಿ ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ ವ್ಯವಹರಿಸುತ್ತವೆ. ಈ ವಿದ್ಯುತ್ತಿನ ಅಲ್ಪ ಅಂಶವು ತಲೆಬುರುಡೆಯನ್ನು ದಾಟಿ ನೆತ್ತಿಯ ಚರ್ಮದವರೆಗೆ ಬರುತ್ತದೆ. ಅದರ ಪ್ರಮಾಣ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ ಐವತ್ತು ಪಾಲಿನಷ್ಟು ಎಂದಿಟ್ಟುಕೊಳ್ಳಿ. ಟಾರ್ಚಿಗೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನ ಮೂವತ್ತು ಸಾವಿರದ ಒಂದಂಶ! ಅದನ್ನು ಹಿಡಿದು, ಹಿಗ್ಗಿಸಿ, ಗೆರೆಯಾಗಿ ಬರೆಯುವ ಪರೀಕ್ಷೆಗೆ ಎಲೆಕ್ಟ್ರೋಎನ್‌ಸೆಫಲೋಗ್ರಾಮ್, ಅಂದರೆ ಇ.ಇ.ಜಿ. ಎಂದು ಹೆಸರು. ಇದರಲ್ಲಿ ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ತಲೆಗೆ 'ಕರೆಂಟು ಕೊಡುತ್ತಾರೆ' ಎಂದು ಕೆಲವರು ಹೆದರುವುದುಂಟು, ಅದೂ ಇಲ್ಲ. ಯಂತ್ರವು ಕೇಳಿಸಿಕೊಳ್ಳುತ್ತದೆಯೇ ಹೊರತು ಮಾತಾಡುವುದಿಲ್ಲ.

ಪರೇಲಿನ ಒಂದು ಹಳೆಯ ಚಾಳಿನ ಹೊರಗೋಡೆಗೆ ಕಿವಿಯಿಟ್ಟು ನಿಂತಿದ್ದೀರೆಂದು ಭಾವಿಸಿರಿ. ಒಳಗೆ ನೂರು ಕೋಣೆಗಳಲ್ಲಿ ನೂರು ಮಾತು ನಡೆದಿದೆ. ನಿಮಗೆ ಯಾವ ಮಾತೂ ತಿಳಿಯದು. ಬರೀ ಗುಜುಗುಜು ಕೇಳುತ್ತದೆ. ಆದರೆ ಗಣೇಶೋತ್ಸವದ ಆರತಿಯ ವೇಳೆಗೆ ಎಲ್ಲ ಕೋಣೆಗಳವರೂ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟಿದರೆ ಗೋಡೆಯ ಹೊರಗೂ ಅದು ಸ್ಪಷ್ಟವಾಗಿ ಕೇಳಿಸುವುದಷ್ಟೆ? ಇ.ಇ.ಜಿ. ಕೇಳಿಸಿಕೊಳ್ಳುವುದೂ ಹೀಗೆಯೇ. ಲಕ್ಷಾಂತರ ನರಕೋಶಗಳು ಒಟ್ಟಾಗಿ ಮಿಡಿದಾಗ ಮಾತ್ರ ಅದಕ್ಕೆ ತಿಳಿಯುತ್ತದೆ. ಕಣ್ಣು ಮುಚ್ಚಿ ನೆಮ್ಮದಿಯಾಗಿ ಕುಳಿತವನ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ 8ರಿಂದ 13ರಷ್ಟು ಅಲೆಗಳು ಏಳುತ್ತವೆ. ಗಾಢನಿದ್ರೆಯಲ್ಲಿ ಅವು 4ಕ್ಕಿಂತ ಕೆಳಗಿಳಿದು ದೊಡ್ಡದಾಗುತ್ತವೆ. ಸೆಳವು ಬಂದಾಗಲಾದರೋ ಚಾಳಿನವರೆಲ್ಲ ಒಮ್ಮೆಗೇ ಹುಚ್ಚೆದ್ದು ನೆಲಗುದ್ದಿದಂತಾಗುತ್ತದೆ.

ಈ ಅಲೆಗಳನ್ನು ಮನುಷ್ಯನಲ್ಲಿ ಮೊದಲು ಬರೆದವರು ಜರ್ಮನಿಯ ಯೇನಾ ನಗರದ ಹಾನ್ಸ್ ಬರ್ಗರ್. ಅವರ ಕಥೆ ಸ್ವಾರಸ್ಯವಾದುದು. ತಾರುಣ್ಯದಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದಾಗ ಅವರು ಕುದುರೆಯಿಂದ ಬಿದ್ದು ಫಿರಂಗಿ ಬಂಡಿಯ ಗಾಲಿಗೆ ಸಿಕ್ಕುವುದರಿಂದ ಕೂದಲೆಳೆಯಲ್ಲಿ ಪಾರಾದರು. ಅದೇ ಸಂಜೆ ಊರಿನಿಂದ ತಂದೆಯ ತಂತಿ ಬಂತು. ತಮ್ಮನಿಗೆ ಏನೋ ಆಪತ್ತು ಒದಗಿದೆಯೆಂದು ಅಕ್ಕನಿಗೆ ಅನಿಸಿದ್ದರಿಂದ ಅದನ್ನು ಕಳಿಸಿದ್ದರು. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವ ದಾರಿಯೊಂದಿರಬೇಕೆಂದು ನಂಬಿದ ಬರ್ಗರ್, ಅದನ್ನು ಹುಡುಕುತ್ತ ವೈದ್ಯರಾದರು. ಆ ದಾರಿ ಸಿಗಲಿಲ್ಲ. 1924ರಲ್ಲಿ ಸಿಕ್ಕಿದುದು ಮೆದುಳಿನ ಅಲೆ. ಐದು ವರ್ಷ ಅದನ್ನು ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜಿನ ಆಡ್ರಿಯನ್ ಮತ್ತು ಮ್ಯಾಥ್ಯೂಸ್ ಎಂಬವರು ತಾವೂ ಮಾಡಿನೋಡಿ ಹೌದೆಂದ ಮೇಲೆಯೇ ಜಗತ್ತು ಒಪ್ಪಿದ್ದು. ಮರುವರ್ಷವೇ ಬಾಸ್ಟನ್ನಿನ ಗಿಬ್ಸ್ ದಂಪತಿಗಳು, ಲೆನಾಕ್ಸ್ ಮತ್ತು ಅವರ ಸಂಗಡಿಗರು, ಕ್ಷಣಕಾಲ ಮೈಮರೆಯುವ ಮಕ್ಕಳ ಮೆದುಳಿನಲ್ಲಿ ಸೆಕೆಂಡಿಗೆ ಮೂರರಂತೆ ಮೊನೆಯೊಂದು, ಅಲೆಯೊಂದು ಸಾಲುಸಾಲಾಗಿ ಏಳುವುದನ್ನು ತೋರಿಸಿದರು. ಅಂದಿನಿಂದ ಮೂರ್ಛೆರೋಗಕ್ಕೂ ಇ.ಇ.ಜಿ.ಗೂ ಗಂಟುಬಿದ್ದಿತು.

ಆಟಿಸಂ ಕಥೆಯೊಳಗೆ ಈ ಅಲೆಗಳು ಬಂದುದು ಎಲ್ಲಿ? ಮೊದಲ ಪುಟದಲ್ಲಿಯೇ. ಕ್ಯಾನರರ ಆ 11 ಮಕ್ಕಳಲ್ಲಿ ಒಬ್ಬ ಹುಡುಗನ ಇ.ಇ.ಜಿ. ಮಾತ್ರ ಸರಿಯಾಗಿರಲಿಲ್ಲವೆಂದೂ, ಅವನಿಗೆ ಐದೂಕಾಲು ವಯಸ್ಸಿನಲ್ಲಿ ಸೆಳವುಗಳು ಬಂದಿದ್ದುವೆಂದೂ ಅವರು ಬರೆದಿದ್ದಾರೆ. ಆಟಿಸಂ ಮತ್ತು ಮೂರ್ಛೆರೋಗ ಒಂದೇ ಮನೆಯಲ್ಲಿ ಕಾಣಿಸಿಕೊಳ್ಳುವುದು ಆಕಸ್ಮಿಕವಲ್ಲವೆಂದು ಈಗ ಚೆನ್ನಾಗಿ ತಿಳಿದಿದೆ. ಸಾಮಾನ್ಯ ಜನರಲ್ಲಿ ಮೂರ್ಛೆರೋಗ ಎಷ್ಟೆಂಬುದಕ್ಕೆ ನಮ್ಮ ನಾಡಿನದೇ ಲೆಕ್ಕವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ನಗರ ಮತ್ತು ಸುತ್ತಲ ಹಳ್ಳಿಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಸಾವಿರಕ್ಕೆ ಸುಮಾರು 9 ಮಂದಿ. ನಗರದಲ್ಲಿ 6ರ ಸಮೀಪ, ಹಳ್ಳಿಯಲ್ಲಿ ಅದರ ಇಮ್ಮಡಿ. ಎಂದರೆ ನೂರಕ್ಕೆ ಒಬ್ಬರೂ ಇಲ್ಲ. ಆಟಿಸಂ ಇರುವವರಲ್ಲಾದರೋ, ಹಲವು ದೇಶಗಳ ವರದಿಗಳನ್ನು ಕೂಡಿಸಿ 2008ರಲ್ಲಿ ಹಾಕಿದ ಲೆಕ್ಕದಂತೆ, ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗಿದ್ದರೆ ನೂರಕ್ಕೆ 21ರಷ್ಟು, ಇಲ್ಲದಿದ್ದರೆ 8ರಷ್ಟು. ಸೆಳವು ಮೊದಲು ಕಾಣಿಸಿಕೊಳ್ಳುವ ಕಾಲಗಳೂ ಎರಡು: ಐದು ವರ್ಷದೊಳಗಿನ ಶೈಶವ, ಮತ್ತು ಹತ್ತು ದಾಟಿದ ಮೇಲಿನ ಹರೆಯ. ಎಷ್ಟೋ ತಾಯಂದಿರು 'ಸದ್ಯ, ಅದೊಂದು ಬರಲಿಲ್ಲ' ಎಂದು ಉಸಿರುಬಿಟ್ಟ ವಯಸ್ಸಿನಲ್ಲಿಯೇ ಎರಡನೆಯ ಅವಧಿ ಎದುರಾಗುವುದು. ಮುನ್ಸೂಚನೆಯ ಹಂಬಲ ಹುಟ್ಟುವುದು ಇಲ್ಲಿಯೇ.

ಆದರೆ ತೊಡಕೂ ಇಲ್ಲಿಯೇ ಇದೆ. ಸೆಳವು ಎಂದೂ ಬಾರದ ಆಟಿಸಂ ಮಕ್ಕಳ ಇ.ಇ.ಜಿ.ಯಲ್ಲಿಯೂ ಚೂಪಾದ ಮೊನೆಗಳು ಕಾಣುತ್ತವೆ. ಕೆಲವು ವರದಿಗಳಲ್ಲಿ ಅದು ನೂರಕ್ಕೆ ಹತ್ತಕ್ಕಿಂತ ಕಡಮೆ, ಕೆಲವದರಲ್ಲಿ ಮೂವತ್ತು. ಇಡೀ ದಿನರಾತ್ರಿ ಬರೆದು ನೋಡಿದ ಅಮೆರಿಕದ ಒಂದು ದೊಡ್ಡ ವರದಿಯಲ್ಲಿ (2006) ಅರವತ್ತು! ಯಾವ ತೊಂದರೆಯೂ ಇಲ್ಲದ ಶಾಲಾಮಕ್ಕಳಲ್ಲಿಯೂ ನೂರಕ್ಕೆ ಎರಡು ಮೂರು ಮಂದಿಗೆ ಇಂತಹ ಮೊನೆಗಳಿರುವುದುಂಟು. ಮೊನೆಗಳಿರುವ ಮಕ್ಕಳಿಗೆ ಮುಂದೆ ಸೆಳವು ಬರುವ ಸಂಭವ, ಇಲ್ಲದವರಿಗಿಂತ ಹೆಚ್ಚೆಂಬುದು ನಿಜ. 'ಹೆಚ್ಚು' ಎಂಬುದಕ್ಕೂ 'ಬಂದೇ ಬರುತ್ತದೆ' ಎಂಬುದಕ್ಕೂ ಇರುವ ಅಂತರವನ್ನು ಗಣಿತ ಕಲಿಯುವ ನೀವು ಬೇಗ ತಿಳಿಯಬಲ್ಲಿರಿ. ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ನಾವೇ ಕಲ್ಪಿಸಿದವು, ಯಾವ ಆಸ್ಪತ್ರೆಯವೂ ಅಲ್ಲ. ಆಟಿಸಂ ಇರುವ 100 ಮಕ್ಕಳಿದ್ದಾರೆ. ಅವರಲ್ಲಿ 20 ಮಂದಿಗೆ ಮುಂದೆ ಮೂರ್ಛೆರೋಗ ಬರಲಿದೆ. ಈ 20ರಲ್ಲಿ 14 ಮಂದಿಯ ಇ.ಇ.ಜಿ.ಯಲ್ಲಿ ಮೊನೆ ಕಂಡಿತು. ಉಳಿದ 80ರಲ್ಲಿಯೂ 20 ಮಂದಿಗೆ ಕಂಡಿತು. ಈಗ ಮೊನೆ ಕಂಡವರು ಒಟ್ಟು 34. ಅವರೆಲ್ಲರ ತಂದೆತಾಯಿಯರನ್ನೂ ಹೆದರಿಸಿದರೆ 20 ಮನೆಗಳಲ್ಲಿ ಹೆದರಿಕೆ ವೃಥಾ. ಮೊನೆ ಕಾಣದ 66 ಮಂದಿಗೆ ಅಭಯ ಕೊಟ್ಟರೆ 6 ಮನೆಗಳಲ್ಲಿ ಅಭಯವೂ ಸುಳ್ಳು. ಪರೀಕ್ಷೆ ಕೆಟ್ಟದೆಂದು ಇದರ ಅರ್ಥವಲ್ಲ. ಒಂದು ಗುಂಪಿನ ವಿಷಯದಲ್ಲಿ ಅದು ಬಹಳ ಹೇಳುತ್ತದೆ. ಒಂದು ಮಗುವಿನ ವಿಷಯದಲ್ಲಿ ಅಷ್ಟು ಹೇಳಲಾರದು.

ಪರೀಕ್ಷೆಯ ಕಾಲ ಮತ್ತು ಸ್ಥಳಗಳ ಮಿತಿಯೂ ಉಂಟು. 2005ರ ಜುಲೈ 26ರಂದು ನಮ್ಮ ನಗರದಲ್ಲಿ ಸುರಿದ ಮಳೆಯ ಕಥೆಯನ್ನು ನೀವು ಹಿರಿಯರಿಂದ ಕೇಳಿರಬಹುದು. ಸಾಂತಾಕ್ರೂಜಿನ ಮಾಪಕದಲ್ಲಿ ಅಂದಿನ ಮಳೆ 944 ಮಿಲಿಮೀಟರ್. ಕೊಲಾಬಾದ ಮಾಪಕದಲ್ಲಿ ಸುಮಾರು 73 ಮಾತ್ರ! ಕೊಲಾಬಾದ ಅಂಕಿಯನ್ನಷ್ಟೇ ನೋಡಿದವನು ಮಾಮೂಲು ಮಳೆಯೆಂದೇ ತಿಳಿದಾನು. ನೆತ್ತಿಯ ಮೇಲೆ ಗೊತ್ತುಪಡಿಸಿದ 21 ಸ್ಥಾನಗಳಲ್ಲಿ ತಂತಿಗಳನ್ನು ಅಂಟಿಸಿ ಇಪ್ಪತ್ತು ಮೂವತ್ತು ನಿಮಿಷ ಬರೆಯುವುದು ಸಾಮಾನ್ಯ ಪದ್ಧತಿ. ಮೆದುಳಿನ ಆಳದಲ್ಲಿ, ಅಥವಾ ತಂತಿ ತೆಗೆದ ಮೇಲೆ ಸುರಿಯುವ ಮಳೆ ಅದಕ್ಕೆ ತಿಳಿಯದು. ನಮ್ಮ ಮೈಸೂರು ಸೀಮೆಯ ಬಿಸಿನೀರ ಸೆಳವು ಇದಕ್ಕೆ ಒಳ್ಳೆಯ ನಿದರ್ಶನ. ತಲೆಯ ಮೇಲೆ ಬಿಸಿಬಿಸಿ ನೀರನ್ನು ಚೊಂಬುಚೊಂಬಾಗಿ ಹೊಯ್ದುಕೊಳ್ಳುವಾಗ ಬರುವ ಈ ಸೆಳವು ಜಗತ್ತಿನಲ್ಲಿ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಅಷ್ಟು ಅಪರೂಪವಲ್ಲ. ಡಾ. ಕೆ. ಎಸ್. ಮಣಿ, ಅನಂತರ ನಿಮ್ಹಾನ್ಸಿನ ಡಾ. ಪಿ. ಸತೀಶಚಂದ್ರ ಮೊದಲಾದವರು ಇದನ್ನು ವಿವರವಾಗಿ ಅಭ್ಯಸಿಸಿದ್ದಾರೆ. ಈ ರೋಗಿಗಳಲ್ಲಿ ಹೆಚ್ಚಿನವರ ಇ.ಇ.ಜಿ. ಸ್ನಾನವಿಲ್ಲದ ಹೊತ್ತಿನಲ್ಲಿ ಸರಿಯಾಗಿಯೇ ಇರುತ್ತದೆ.

ನಿದ್ರೆಯಲ್ಲಿ ಮೊನೆಗಳು ಹೆಚ್ಚಾಗಿ ಹೊರಬೀಳುವುದರಿಂದ ಮಗುವನ್ನು ರಾತ್ರಿ ಕಡಮೆ ಮಲಗಿಸಿ ಕರೆತನ್ನಿರೆಂದು ವೈದ್ಯರು ಹೇಳುತ್ತಾರೆ. ಹೇಳುವುದು ಸುಲಭ! ಕಲ್ಯಾಣದಿಂದಲೋ ನಾಲಾಸೊಪಾರಾದಿಂದಲೋ ಬೆಳಗಿನ ಗಾಡಿಯ ನೂಕುನುಗ್ಗಲಿನಲ್ಲಿ, ತೂಕಡಿಸುವ ಮಗುವನ್ನು ನಿದ್ದೆಹೋಗಗೊಡದೆ ಪರೇಲಿನ ಕೆ.ಇ.ಎಂ. ಆಸ್ಪತ್ರೆಗೋ ವಾಡಿಯಾ ಮಕ್ಕಳ ಆಸ್ಪತ್ರೆಗೋ ಕರೆತರುವ ತಾಯಿಯ ಪಾಡನ್ನು ಊಹಿಸಿರಿ. ತಲೆಬಾಚುವುದನ್ನೇ ಸಹಿಸದ ಮಗುವಿನ ನೆತ್ತಿಗೆ ತಣ್ಣನೆಯ ಅಂಟನ್ನು ಹಚ್ಚಬೇಕು; ಅಪರಿಚಿತ ಕೋಣೆಯಲ್ಲಿ ಅದನ್ನು ಮಲಗಿಸಬೇಕು. ಈ ಪರೀಕ್ಷೆಯನ್ನು ಆಟಿಸಂ ಇರುವ ಪ್ರತಿ ಮಗುವಿಗೂ ಮಾಡಿಸಬೇಕೆ ಎಂಬ ಪ್ರಶ್ನೆಗೆ, ಅಮೆರಿಕದ ನರವೈದ್ಯರ ಸಂಘಗಳು 2000ದಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಎಲ್ಲರಿಗೂ ಬೇಕೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಹೇಳಿವೆ. ಸೆಳವಿನ ಸಂಶಯವಿದ್ದರೆ, ಅಥವಾ ಬಂದ ಮಾತು ಹಿಂದಕ್ಕೆ ಹೋದರೆ, ಆಗ ತಪ್ಪದೆ ಮಾಡಿಸಬೇಕು. ಮಾತು ಕಳೆದುಕೊಂಡ ಮಕ್ಕಳ ಮೆದುಳಿನಲ್ಲಿ ವಿಶೇಷವಾದ ವಿದ್ಯುದಾವೇಗವಿರುವುದನ್ನು ಲ್ಯಾಂಡೌ ಮತ್ತು ಕ್ಲೆಫ್ನರ್ 1957ರಲ್ಲಿಯೇ ತೋರಿಸಿದ್ದರು. ಅದು ಆಟಿಸಂನಂತೆ ಕಂಡರೂ ಬೇರೆಯೇ ಕಾಯಿಲೆ, ಚಿಕಿತ್ಸೆಯೂ ಬೇರೆ. ಇಂತಲ್ಲಿ ಇ.ಇ.ಜಿ. ಮಾಡುವ ಉಪಕಾರ ದೊಡ್ಡದು.

ಹಾಗಾದರೆ ಮುನ್ಸೂಚನೆ ನಿಜವಾಗಿ ಫಲಿಸಿದ ಸ್ಥಳ ಒಂದೂ ಇಲ್ಲವೆ? ಒಂದುಂಟು. ಟ್ಯೂಬರಸ್ ಸ್ಕ್ಲೆರೋಸಿಸ್ ಎಂಬ ಆನುವಂಶಿಕ ಕಾಯಿಲೆಯಲ್ಲಿ ಮೆದುಳಿನೊಳಗೆ ಗಂಟುಗಳಿರುತ್ತವೆ, ಚರ್ಮದ ಮೇಲೆ ಬಿಳಿಯ ಮಚ್ಚೆಗಳಿರುತ್ತವೆ. ಇಂತಹ ಮಕ್ಕಳಲ್ಲಿ ಹೆಚ್ಚಿನವರಿಗೆ ಮೂರ್ಛೆರೋಗ ಬರುತ್ತದೆ, ಅರ್ಧದಷ್ಟು ಮಂದಿಗೆ ಆಟಿಸಂ ಕೂಡ. ಹುಟ್ಟಿದ ಸ್ವಲ್ಪ ಕಾಲದಲ್ಲಿಯೇ ಇವರನ್ನು ಗುರುತಿಸಬಹುದಾದುದರಿಂದ ಯುರೋಪಿನ ವೈದ್ಯರು ಕೆಲವು ವಾರಗಳಿಗೊಮ್ಮೆ ಶಿಶುಗಳ ಇ.ಇ.ಜಿ. ಬರೆಯುತ್ತ ಹೋದರು. ಮೊನೆ ಕಂಡೊಡನೆ, ಸೆಳವಿಗೆ ಕಾಯದೆ, ಕೆಲವರಿಗೆ ವಿಗಾಬಾಟ್ರಿನ್ ಎಂಬ ಔಷಧವನ್ನು ಆರಂಭಿಸಿದರು; ಉಳಿದವರಿಗೆ ಸೆಳವು ಬಂದ ಮೇಲೆ ಕೊಟ್ಟರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೊದಲೇ ಔಷಧ ಪಡೆದವರಲ್ಲಿ ಸೆಳವು ತಡವಾಯಿತು, ಕಡಮೆಯೂ ಆಯಿತು. 2023ರಲ್ಲಿ ಪ್ರಕಟವಾದ ಅಮೆರಿಕದ ಇಂತಹುದೇ ಪ್ರಯೋಗದಲ್ಲಿ ಎರಡು ವರ್ಷದ ಹೊತ್ತಿಗೆ ಮಕ್ಕಳ ಬುದ್ಧಿಯ ಬೆಳವಣಿಗೆಯಲ್ಲಿ ಮಾತ್ರ ಭೇದ ಕಾಣಲಿಲ್ಲ. ಆ ಔಷಧ ಕಣ್ಣಿನ ಪಕ್ಕದ ನೋಟವನ್ನು ಕುಂದಿಸಬಲ್ಲುದು ಎಂಬುದನ್ನೂ ಮರೆಯಬಾರದು. ಕಾರಣವೇನೆಂದು ತಿಳಿದ ಒಂದು ಕಾಯಿಲೆಯಲ್ಲಿಯೇ ಇಷ್ಟು ಎಚ್ಚರ ಬೇಕಾದರೆ, ನೂರು ಕಾರಣಗಳಿಂದ ಬರಬಹುದಾದ ಆಟಿಸಂನಲ್ಲಿ ಬರಿಯ ಮೊನೆಯನ್ನು ಕಂಡು ಔಷಧ ಆರಂಭಿಸುವುದು ಉಚಿತವೆಂದು ನಮಗೆ ತೋರುವುದಿಲ್ಲ. ಸೆಳವಿಲ್ಲದ ಮಗುವಿನ ಕಾಗದಕ್ಕೆ ಚಿಕಿತ್ಸೆ ಮಾಡಬಾರದೆಂದೇ ಅನುಭವಿಗಳಾದ ವೈದ್ಯರೂ ಹೇಳುತ್ತಾರೆ.

ಕಾಗದವೆಂದಾಗ ನಮಗೆ ತಿಳಿದ ಒಂದು ಕನ್ನಡ ಮನೆಯ ಸಂಗತಿ ನೆನಪಾಗುತ್ತದೆ. ಡೊಂಬಿವಿಲಿಯವರು. ಮಗನಿಗೆ ಏಳು ವರ್ಷ, ಆಟಿಸಂ ಇದೆ. ಸೆಳವು ಒಮ್ಮೆಯೂ ಬಂದುದಿಲ್ಲ. ಇ.ಇ.ಜಿ. ವರದಿಯಲ್ಲಿ 'ಅಸಹಜ' ಎಂಬ ಒಂದು ಶಬ್ದವಿತ್ತು. ಪ್ರಾಮಾಣಿಕನಾದ ತಂದೆ ಅದನ್ನು ಮಗನ ಶಾಲೆಗೂ ತೋರಿಸಿದರು. ಆ ವರ್ಷದ ಪ್ರವಾಸಕ್ಕೆ ಹುಡುಗನನ್ನು ಕರೆದೊಯ್ಯಲಿಲ್ಲ. ಆಟದ ತಾಸಿನಲ್ಲಿ ಬೆಂಚಿನ ಮೇಲೆ ಕುಳ್ಳಿರಿಸತೊಡಗಿದರು. ಬಾರದ ರೋಗಕ್ಕೆ ಶಿಕ್ಷೆ ಮೊದಲೇ ಬಂದಿತು. ಮುಂದಿನ ವರ್ಷ ಬೇರೆ ಶಾಲೆಗೆ ಸೇರಿಸಿದಾಗ ತಂದೆ ವರದಿಯನ್ನು ಕಪಾಟಿನಲ್ಲಿಯೇ ಇಟ್ಟರು. ಹೀಗೆ ಬಚ್ಚಿಡಬೇಕಾಗಿ ಬಂದುದು ಇನ್ನೂ ಅಪಾಯವೆಂದು ನಮ್ಮ ಅಭಿಪ್ರಾಯ. ಏಕೆಂದರೆ ಹರೆಯದಲ್ಲಿ ಆ ಹುಡುಗನಿಗೆ ನಿಜವಾಗಿ ಸೆಳವು ಬಂದರೆ ಹತ್ತಿರವಿದ್ದವರು ಸಿದ್ಧರಾಗಿರುವುದಿಲ್ಲ. ಮೂರ್ಛೆರೋಗದ ಹೆಸರಿಗೆ ನಮ್ಮ ಸಮಾಜ ಹೆದರಿದ ಬಗೆಯೇ ಹಾಗೆ. 1999ರಲ್ಲಿ ತಿದ್ದುಪಡಿಯಾಗುವವರೆಗೆ ಹಿಂದೂ ವಿವಾಹ ಕಾಯಿದೆಯಲ್ಲಿಯೇ ಪದೇ ಪದೇ ಬರುವ ಮೂರ್ಛೆ ಮದುವೆಗೆ ಅಡ್ಡಿಯೆಂದು ಬರೆದಿತ್ತು.

ಬಂದ ಮೇಲೆ ಮಾಡುವ ಚಿಕಿತ್ಸೆ ಮಾತ್ರ ದುರ್ಲಭವಲ್ಲ. ಸರಿಯಾಗಿ ಔಷಧ ಸೇವಿಸಿದರೆ ನೂರಕ್ಕೆ ಎಪ್ಪತ್ತರಷ್ಟು ರೋಗಿಗಳು ಸೆಳವಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಟಿಸಂ ಜೊತೆಗಿದ್ದಾಗ ಕೆಲವೊಮ್ಮೆ ಕಷ್ಟ ಹೆಚ್ಚು. ಮೇಲೆ ಹೇಳಿದ ಡಾ. ಮಣಿಯವರು 1990ರ ದಶಕದಲ್ಲಿ ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ, ಹಳೆಯ ಮತ್ತು ಅಗ್ಗವಾದ ಫಿನೋಬಾರ್ಬಿಟೋನ್, ಫೆನಿಟೋಯಿನ್‌ಗಳಿಂದಲೇ ಎಷ್ಟೋ ಜನರ ಸೆಳವನ್ನು ಹತೋಟಿಗೆ ತಂದು ತೋರಿಸಿದರು. ಅದರ ವರದಿ 2001ರಲ್ಲಿ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತು.

ಆದುದರಿಂದ ಮೊದಲ ಸೆಳವನ್ನು ಯಾರು ನೋಡುತ್ತಾರೆ, ಹೇಗೆ ನೋಡುತ್ತಾರೆ ಎಂಬುದು ಬಹುಮುಖ್ಯ. ಯಂತ್ರ ಅರ್ಧ ಗಂಟೆ ನೋಡುತ್ತದೆ. ನೀವು ದಿನಕ್ಕೆ ಐದಾರು ತಾಸು ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತಿರುತ್ತೀರಿ. ಆಟಿಸಂ ಇರುವ ಮಗು ತನ್ನ ಲಹರಿಯಲ್ಲಿ ಶೂನ್ಯವನ್ನು ನೋಡುತ್ತಿರುವುದಕ್ಕೂ ಸೆಳವಿಗೂ ಭೇದ ತಿಳಿಯುವುದು ವೈದ್ಯರಿಗೂ ಕಷ್ಟ. ಹೆಗಲು ಮುಟ್ಟಿ ಹೆಸರು ಹಿಡಿದು ಕರೆದಾಗ ಎಚ್ಚತ್ತಿತೆ, ಇಲ್ಲವೆ ಎಂಬುದೇ ಅಲ್ಲಿ ದೊಡ್ಡ ಸುಳಿವು. ಕೈಕಾಲು ಸೆಟೆದು ಬಿದ್ದರೆ ಮಗುವನ್ನು ಪಕ್ಕಕ್ಕೆ ಹೊರಳಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಸುತ್ತ ಗುಂಪುಗೂಡದಂತೆ ನೋಡಿಕೊಳ್ಳಬೇಕು. ಕೈಯಲ್ಲಿ ಕಬ್ಬಿಣ ಹಿಡಿಸುವುದು, ಮೂಗಿಗೆ ಈರುಳ್ಳಿ ಚಪ್ಪಲಿ ಹಿಡಿಯುವುದು, ಹಲ್ಲಿನ ನಡುವೆ ಚಮಚ ತುರುಕುವುದು ಇವೊಂದೂ ಬೇಡ. ಚಮಚದಿಂದ ಹಲ್ಲು ಮುರಿದೀತು. ಐದು ನಿಮಿಷ ದಾಟಿದರೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಹಿರಿಯರೊಬ್ಬರು ಮೊಬೈಲಿನಲ್ಲಿ ಅದನ್ನು ಚಿತ್ರಿಸಿಕೊಂಡು ವೈದ್ಯರಿಗೆ, ತಂದೆತಾಯಿಯರಿಗೆ ಮಾತ್ರ ತೋರಿಸಿದರೆ ಬಹಳ ಉಪಯೋಗ. ಮೊಬೈಲಿಲ್ಲದಿದ್ದರೆ ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಡಿ: ದಿನಾಂಕ, ಆರಂಭವಾದ ಹೊತ್ತು, ಮುಗಿದ ಹೊತ್ತು, ಯಾವ ಕೈ ಮೊದಲು ಅಲುಗಿತು, ಕಣ್ಣು ಯಾವ ಕಡೆ ತಿರುಗಿತ್ತು. ಇ.ಇ.ಜಿ.ಯ ಗೆರೆಗಳನ್ನು ಓದುವ ವೈದ್ಯರು ಮೊದಲು ಕೇಳುವುದು ಆ ಚೀಟಿಯನ್ನೇ.